ಆರು ಮಂದಿ, ಒಂದು ಕೋಟು

ತಲಾ ಹನ್ನೊಂದು ರೂಪಾಯಿ ಹಾಕಿ
ದುರ್ಗದಬೈಲಿನ್ಯಾಗ ಹೊಲಿಸಿದ ಕೋಟು.
ಅಳತಿ ಕೊಟ್ಟಾಂವ ಇರಸಂಗಪ್ಪ, ನಡುವಿನ ಮೈಯವ ಅಂತ.
ಹೊಲದು ಬಂದಮ್ಯಾಲೆ ಯಾರಿಗೂ ಸರಿ ಕೂಡಲಿಲ್ಲ,
ಇರಸಂಗಪ್ಪಗೂ.

ಸಪ್ತಾಪುರದ ಖೋಲ್ಯಾಗ ಮೊಳಿಗೆ ತೂಗತಿತ್ತು.
ಬ್ಯಾಂಕಿನ ಇಂಟರ್‌ವ್ಯೂಕ್ಕ ಜಾಲಿಹಾಳ ಹಾಕ್ಕೊಂಡು ಹೋದ,
ನೌಕರಿ ತಂದ, ತೋಳಿಗೆ ಮಸಿ ತಂದ.
ಬೆಟಗೇರಿಗೆ ಹೆಣ್ಣು ನೋಡಲಿಕ್ಕೆ ಹೋದ ಸ್ಯಾಮುವೆಲ್
ಗುಂಡಿ ಕಳಕೊಂಡು, ಹೂಂ ಅನಿಸಿಕೊಂಡು ಬಂದ.
ಕುಬಸದ ಅದನ್ನ ಹೊತಗೊಂಡು ಮಲಗತಿದ್ದ, ಚಳಿಗೆ.
ನಾ ಹಾಕಿದ್ದು ಎರಡು ಸಲ. ಎರಡೂ ಸಲ ನಪಾಸು.

ಮಕ್ತುಮ್ ಮಾತ್ರ ಹಾಕ್ಕೊಳ್ಳಲೇ ಇಲ್ಲ.
ಎರಡನೇ ವರ್ಷ ಅಪ್ಪ ತೀರಿದ, ನವಲಗುಂದಕ್ಕ ಹೋಗಿ
ಸೈಕಲ್ ಪಂಕ್ಚರ್ ತಿದ್ದಕೋತ ಕೂತ.
ನಿನ್ನ ಹನ್ನೊಂದು ರೂಪಾಯಿ ತಗೋ ಅಂದ್ರ
ಪಾಲಂದ್ರ ಪಾಲು, ಇರಲಿ ಅಂದ.

ನಲವತ್ತೊಂದು ವರ್ಷ.
ವರ್ಷಕ್ಕೊಂದು ಮನಿ ಕೋಟಿಗೆ;
ನುಸಿಗುಳಿಗಿ ಇಟ್ಟು, ಬೈಕೋತ, ನಮ್ಮ ಹೆಂಡಂದಿರು ಕಾಯ್ದರು.

ಈ ಸಲ ಕೆಲಗೇರಿ ಕೆರಿ ದಂಡ್ಯಾಗ ಕೂಡಿದವರು ಐದು ಮಂದಿ.
ಇರಸಂಗಪ್ಪನ ಕುರ್ಚಿ ಮ್ಯಾಲೆ ಕೋಟು ಹಾಕಿದಿವಿ.
ಚಹಾ ಆರತಿತ್ತು.
ಮಕ್ತುಮ್ ಎದ್ದ.
ಗ್ರೀಸು ಇಲ್ಲದ ಕೈ ಎರಡೂ ರೂಢಿಗೆ ಪ್ಯಾಂಟಿಗೆ ಒರಸಿದ,
ಕೋಟು ತೊಟ್ಟ.

ಭುಜಕ್ಕ ಸರಿ. ತೋಳಿಗೆ ಸರಿ.
ಇಲ್ಲದ ಗುಂಡಿಯೊಂದು ಬಿಟ್ಟು ಎಲ್ಲಾ ಹಾಕಿಕೊಂಡು,
'ಥೂ ನಿಮ್ಮ! ಅವತ್ತು ನನ್ನ ಅಳತಿ ಕೊಡಬೇಕಿತ್ತಲ್ರೋ'
ಅಂದ.

ನಕ್ಕಿವಿ.
ಜಾಲಿಹಾಳ ಮಾತ್ರ ಕೆರಿ ಕಡೆ ಹೊಳ್ಳಿ
ಬಾಳ ಹೊತ್ತು ಕೆಮ್ಮಿದ.