ಸೋಲಲು ಎತ್ತಿಟ್ಟ ದುಡ್ಡು

ದಿನಕ್ಕೆ ಕಂಪನಿ ಕೊಡುವ ಭತ್ಯೆ ಏಳುನೂರು.
ರೂಮಿಗೆ ಮುನ್ನೂರೈವತ್ತು, ಊಟ ತಿಂಡಿಗೆ ನೂರೈವತ್ತು,
ಉಳಿದ ಇನ್ನೂರನ್ನು ಅಂಗಿಯ ಒಳಜೇಬಿನಲ್ಲಿ
ಬೇರೆಯಾಗಿ ಮಡಚಿಡುತ್ತೇನೆ.
ಅದು ಸೋಲಲು ಎತ್ತಿಟ್ಟ ದುಡ್ಡು.
ಗೆದ್ದರೆ ಏನು ಮಾಡುವುದೆಂದು
ಇಷ್ಟು ವರ್ಷದ ತಿರುಗಾಟದಲ್ಲಿ ಯೋಚಿಸಿಲ್ಲ.

ಹಾಸನದ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ, ಲಾಡ್ಜಿನ ಮೂರನೇ ಮಹಡಿ,
ಸಂತೆ ಮುಗಿದ ಮಂಗಳವಾರ ರಾತ್ರಿ
ಎರಡು ಮಂಚ ಜೋಡಿಸಿ ಕಂಬಳಿ ಎಳೆದರೆ
ಲಾದ್ರು ಪಿಂಟೊನ ಕ್ಯಾಸಿನೊ.

ಪಣಜಿಯ ಹೊಳೆಯಲ್ಲಿ ನಿಂತ ಹಡಗಿನಲ್ಲಿ
ಒಂಬತ್ತು ವರ್ಷ ಎಲೆ ಹಂಚಿದವನು.
ಈಗ ಹಗಲು ಬೇಕರಿ, ಬನ್ನು, ದಿಲ್‌ಪಸಂದು.
ನಮ್ಮ ಮೂರೆಲೆ ಅವನಿಗೆ ಸೇರದು:
"ಎರಡು ಕೈಗೆ, ಐದು ನಡುವೆ. ಇದು ಪೋಕರು.
ಅವಸರದವರು ಕೆಳಗೆ ಹೋಗಿ ಆಮ್ಲೆಟ್ ತಿನ್ನಿ."
ಬಿಲ್ಲೆಗಳ ಬದಲು ಟೈಲರ್ ಅಂಗಡಿಯ ಗುಂಡಿಗಳು,
ಅಂಗಿಯದಕ್ಕೆ ಐದು, ಕೋಟಿನದಕ್ಕೆ ಇಪ್ಪತ್ತು.

ಹಂಚಿದ ಮೇಲೆ ಪ್ರತಿ ಸಲವೂ
ಒಮ್ಮೆ ಚಪ್ಪಾಳೆ ತಟ್ಟಿ, ಅಂಗೈ ಬಿಚ್ಚಿ
ಸೂರಿಗೆ ತೋರಿಸುತ್ತಾನೆ, ಏನೂ ಕದ್ದಿಲ್ಲವೆಂದು.
ಹಡಗಿನಲ್ಲಿ ಅಲ್ಲೊಂದು ಕ್ಯಾಮರಾ ಇತ್ತಂತೆ.
ಇಲ್ಲಿ ಹಲ್ಲಿ.
ಅದು ಲೊಚಗುಟ್ಟಿದರೆ ಆಟ ಮುಂದಕ್ಕೆ.

ಇನ್ನೂರು ರೂಪಾಯಿಯವನಿಗೆ ಬೇಕಾದ ವಿದ್ಯೆ ಒಂದೇ,
ಎಲೆ ಮಡಚುವುದು.
ಮದುವೆ ಮನೆಯಲ್ಲಿ ಎಲೆ ಹಾಕಿದ್ದಾರೆ, ಉಪ್ಪು ಬಡಿಸಿದ್ದಾರೆ,
ಪಾಯಸದ ಪಾತ್ರೆ ಕಾಣುತ್ತಿದೆ,
ಆದರೂ ಏಳುವುದು.
ಗುಲಾಮ, ನಾಲ್ಕು: ಎದ್ದೆ. ಒಂಬತ್ತು, ಎರಡು: ಎದ್ದೆ.
ಹತ್ತಕ್ಕೆ ಕೂತವನು ಹನ್ನೆರಡರವರೆಗೆ
ಎದ್ದು ಎದ್ದೇ ಹಸಿದಿದ್ದೆ.
ಉಳಿದ ಗುಂಡಿ ಎಂಬತ್ತು ರೂಪಾಯಿಯಷ್ಟು.

ಆಗ ಬಂದಳು ರಾಣಿ. ಹಿಂದೆಯೇ ಇನ್ನೊಬ್ಬಳು.
ಎಲ್ಲರೂ ಬಿಟ್ಟರು, ಖಲಂದರ್ ಸಾಬರು ಬಿಡಲಿಲ್ಲ.
ಟೈರಿಗೆ ಹೊಸ ಪಟ್ಟಿ ಅಂಟಿಸಿ ಕಪ್ಪಾದ ಬೆರಳು, ದಪ್ಪ ಕನ್ನಡಕ,
ಎಲೆಯನ್ನು ಮೂಗಿನ ತನಕ ತಂದು ಓದುವ ಮನುಷ್ಯ.
ಟ್ಯೂಬ್‌ಲೈಟು ನನ್ನ ಬೆನ್ನಿಗೆ.
ಅವರ ಎಡಗಡೆ ಗಾಜಿನಲ್ಲಿ, ಸಾಸಿವೆ ಗಾತ್ರ, ಕೆಂಪಗೆ
ಒಂದು ಎಂಟು. ಒತ್ತಿಕೊಂಡು ಮತ್ತೊಂದು.
ಉಲ್ಟಾ ಮೂಡಿದರೂ ಅದರ ಹೂವು ಅಷ್ಟೇ, ಎಣಿಸಿದರೆ ಎಂಟೇ.

ನಾನು ಮಾರುವುದು ಫ್ರೇಮು, ಗಾಜು.
ಕಣ್ಣಿಗೆ ಬಿತ್ತು, ನೋಡಲಿಲ್ಲ ಎನ್ನಲು
ನನಗೆ ಬಾಯಿಲ್ಲ.
ನಡುವಿನ ಐದು ಬಿಚ್ಚಿದವು. ಎಂಟಿರಲಿಲ್ಲ.
ಎಂಬತ್ತನ್ನೂ ತಳ್ಳಿದೆ.
ಸಾಬರು ನಕ್ಕು ಸರಿಗಟ್ಟಿದರು,
"ಪಾಪ, ಹುಡುಗನ ಕೈ ನಡುಗ್ತಾ ಇದೆ" ಅಂದರು.

ಬಾಚಿಕೊಂಡು ಎಣಿಸಿದರೆ ನೂರ ತೊಂಬತ್ತು.
ಇಣುಕಿ ಗೆದ್ದ ಮೇಲೂ ಹತ್ತು ರೂಪಾಯಿ ಸೋಲು.

ಪಿಂಟೊ ಚಪ್ಪಾಳೆ ತಟ್ಟಿ ಅಂಗೈ ತೋರಿಸಿದ.
ಹಲ್ಲಿ ಸುಮ್ಮನಿತ್ತು.
ನಾನು ಎರಡೂ ಕೈಯನ್ನು ಕಂಬಳಿಯ ಅಡಿಗೆ
ಚಳಿ ಎಂಬಂತೆ ಸೇರಿಸಿಕೊಂಡೆ.

ಬೆಳಿಗ್ಗೆ, ಶಟರು ಅರ್ಧ ಎತ್ತಿದ ಟೈರಿನಂಗಡಿಯಲ್ಲಿ ಬಗ್ಗಿ
"ಸಾಬ್ರೇ, ಬೆಳಕು ಹೊಡೆಯದ ಗಾಜು ಬಂದಿದೆ, ನಂಬರ್ ಹೇಳಿ."
"ರಾತ್ರಿ ಲಾರಿ ಲೈಟು ಕಣ್ಣಿಗೆ ಚುಚ್ಚೋದು ನಿಲ್ಲುತ್ತಾ?"
"ಅದೂ ನಿಲ್ಲುತ್ತೆ."
"ಅದೂ ಅಂದ್ರೆ?"
ಚಹಾ ತರಿಸಿದರು. ಕುಡಿದೆ.
ಬಿಲ್ಲಿನಲ್ಲಿ ಸ್ಯಾಂಪಲ್ ಎಂದು ಬರೆದೆ;
ನನ್ನ ದಂಡವನ್ನು ಕಂಪನಿ ಕಟ್ಟಿತು.

ಅರಸೀಕೆರೆ ಬಸ್ಸು. ಚಿಲ್ಲರೆಯಿಲ್ಲದ ಕಂಡಕ್ಟರು
ಟಿಕೆಟ್ಟಿನ ಬೆನ್ನಿಗೆ ಏಳು ಎಂದು ಗೀಚಿ ಕೊಟ್ಟ.
ಕೇಳಬೇಕು, ಕೇಳಬೇಕು ಎಂದು
ದುದ್ದ ದಾಟುವವರೆಗೂ ನೆನಪಿತ್ತು.
ಅಷ್ಟರಲ್ಲಿ ಪಕ್ಕದ ಮುದುಕ ಕನ್ನಡಕ ಏರಿಸಿ
ಮೊಬೈಲನ್ನು ಮೂಗಿನ ಹತ್ತಿರ ತಂದ.
ಯಾರೋ ಏನೋ ಬರೆದಿದ್ದರು, ಉದ್ದಕ್ಕೆ.
ನಾನು ತಟ್ಟನೆ ಕಿಟಕಿಯ ಕಡೆ ತಿರುಗಿದೆ.

ಕಿಟಕಿಯ ಗಾಜಿನಲ್ಲೂ ಅವೇ ಅಕ್ಷರ.