ಸ್ಲ್ಯಾಕ್

ನಮ್ಮಪ್ಪ ಕತ್ಬರ್ಟ್ ಥರ್ಲ್‌ವೆಲ್‌ನ ಬಳಿ ಇದ್ದ ಪದಗಳೇ ಕಡಿಮೆ.
ಇದ್ದವನ್ನೇ ಹಲವು ಕೆಲಸಕ್ಕೆ ಹಚ್ಚುತ್ತಿದ್ದ,
ಒಂದೇ ಕೋಟಿನಲ್ಲಿ
ಮದುವೆಗೂ ಹೋಗಿ ಮಣ್ಣಿಗೂ ಹೋಗಿಬಂದ ಹಾಗೆ.

ಸ್ಲ್ಯಾಕ್ ಅಂದರೆ ನಮ್ಮ ಬೀದಿಯಲ್ಲಿ ಕಲ್ಲಿದ್ದಲ ಹುಡಿ.
ಗಟ್ಟಿ ಹೆಂಟೆಗಳೆಲ್ಲ ರೈಲು ಹತ್ತಿ ಲಂಡನ್ನಿಗೆ ಹೋದ ಮೇಲೆ
ಜರಡಿಯ ಕೆಳಗೆ ಉಳಿದದ್ದು.
ಅಮ್ಮ ಅದಕ್ಕೆ ಟೀ ಸೋಸಿದ ಚರಟ ಸೇರಿಸಿ
ಹಿಟ್ಟಿನ ಹದಕ್ಕೆ ಕಲಸಿ
ರಾತ್ರಿ ಕೆಂಡದ ಮೇಲೆ ಮೆತ್ತುತ್ತಿದ್ದಳು.
ಬೆಂಕಿ ಸತ್ತಂತಿರುತ್ತಿತ್ತು.
ಬೆಳಿಗ್ಗೆ ಕೆದಕಿದರೆ, ಇತ್ತು.

ಶಾಲೆಯಲ್ಲಿ ಮಿಸ್ ಆರ್ಮಿಟೇಜ್
ನನ್ನ ಅಂಕಪಟ್ಟಿಯ ಮೇಲೆ ಅದನ್ನೇ ಬರೆದಳು, ಕೆಂಪು ಶಾಯಿಯಲ್ಲಿ.
'ಅಪ್ಪಾ, ನಾನು ಹುಡಿಯಂತೆ' ಎಂದೆ.
ಅಪ್ಪ ನಕ್ಕ. ನಕ್ಕಾಗ ಹಲ್ಲಷ್ಟೇ ಬಿಳಿ.
'ಸೋಮಾರಿ ಅಂತ ಕಣೇ ಅದು.
ಪಾಪ, ಆಕೆ ಒಲೆ ಹಚ್ಚಿದವಳಲ್ಲ.'

ಹತ್ತೊಂಬತ್ತಕ್ಕೆ ಬಂದರಿನ ಟಗ್ ದೋಣಿ ಸೇರಿದೆ.
ಹೆಣ್ಣಿನ ಕೈಗೆ ಹಗ್ಗ ಕೊಟ್ಟಾರೆಯೇ ಎಂದರು. ಕೊಟ್ಟರು.
'ಸ್ಲ್ಯಾಕ್!' ಎಂದು ಕೂಗಿದರೆ
ಕೊಡಬೇಕು, ಹಗ್ಗ, ಇನ್ನಷ್ಟು ಹಗ್ಗ.
ಬಿಗಿದ ಹಗ್ಗ ಮೊದಲು ಗುಂಯ್‌ಗುಡುತ್ತದೆ,
ಆಮೇಲೆ ಹರಿಯುತ್ತದೆ, ಹರಿದು ಸಿಕ್ಕಿದ್ದನ್ನು ಕತ್ತರಿಸುತ್ತದೆ.
ಸ್ಟೋಬರ್ಟ್ ಮುದುಕನ ಎಡಗಾಲು ಹೋದದ್ದು ಹಾಗೆ.
ಅವನೇ ನನಗೆ ಕಲಿಸಿದವನು:
ಕೊಡುವುದೆಂದರೆ ಬಿಡುವುದಲ್ಲ ಹುಡುಗಿ,
ತುದಿ ನಿನ್ನ ಕೈಯಲ್ಲೇ ಇರಬೇಕು.

ಮುಷ್ಕರದ ವರ್ಷ ಮನೆಯಲ್ಲಿ
ಕೈ ಬಿಗಿ, ಬಾಯಿ ಬಿಗಿ.
ಅಪ್ಪನ ಪ್ಯಾಂಟು ಮಾತ್ರ ಸಡಿಲ.
ಕಡಲು ದಡಕ್ಕೆ ಉಗುಳಿದ ಇದ್ದಿಲನ್ನು ಬಾಚಿ
ಸೈಕಲ್ಲಿಗೆ ಮೂಟೆ ಕಟ್ಟಿ ತಳ್ಳಿ ತರುತ್ತಿದ್ದ.
ಒಂದು ದಿನ ನಾವು ಎಳೆದು ತಂದ ಹಡಗಿನ ಹೊಟ್ಟೆಯಲ್ಲಿ
ಪೋಲೆಂಡಿನ ಕಲ್ಲಿದ್ದಲು.
ನನಗೆ ಗೊತ್ತಿತ್ತೇ?
ಗೊತ್ತಿತ್ತು.

ಎರಡು ಚಳಿಗಾಲ ಅಪ್ಪ ನನ್ನ ಹೆಸರು ಹಿಡಿದು ಕರೆಯಲಿಲ್ಲ.
'ಮಗುವಿಗೆ ಒಂಚೂರು ಸ್ಲ್ಯಾಕ್ ಕೊಡಿ' ಎಂದಳಂತೆ ಅಮ್ಮ.
ಅದು ಹಗ್ಗದವರ ಮಾತು.
ಅಮ್ಮ ಹಗ್ಗ ಮುಟ್ಟಿದ್ದು ಬಟ್ಟೆ ಒಣಹಾಕುವಾಗ.

ಏರಿದ ಕಡಲು ಇಳಿಯುವ ಮುನ್ನ
ಕೆಲವು ನಿಮಿಷ ನೀರು ಎತ್ತಲೂ ಹೋಗುವುದಿಲ್ಲ.
ಅದಕ್ಕೂ ಅದೇ ಹೆಸರು.
ತೇಲುವ ಹಲಗೆ, ಕಡಲಕ್ಕಿಯ ಪುಕ್ಕ, ಎಣ್ಣೆಯ ಕಲೆ
ಇದ್ದಲ್ಲೇ ಇರುತ್ತವೆ, ಯಾರೋ ಹೇಳಲಿ ಎಂದು ಕಾದ ಹಾಗೆ.

ಅಂಥ ಒಂದು ಸಂಜೆ ಕಟ್ಟೆಯ ಮೇಲೆ
ಹಗ್ಗ ಹಿಡಿಯುವ ಆಳು ಬಂದಿರಲಿಲ್ಲ.
ಅಪ್ಪ ನಿಂತಿದ್ದ, ಸೈಕಲ್ಲು, ಮೂಟೆ.
ನಾನು ಎಸೆದೆ. ಅವನು ಹಿಡಿದ.
ಗೂಟಕ್ಕೆ ಹಾಕಲು ಗೇಣುದ್ದ ಸಾಲದೆ
ತಲೆ ಎತ್ತಿ ನನ್ನನ್ನೇ ನೋಡಿ
ಕೂಗಿದ: 'ಸ್ಲ್ಯಾಕ್, ಮೇವಿಸ್!'

ಕೊಟ್ಟೆ.
ಹಗ್ಗದ ಮೇಲೆ ಅವನ ಕೈಯ ಕಪ್ಪು
ಬಹಳ ದಿನ ಹೋಗಲಿಲ್ಲ.