ಪಂಕ್ತಿಭೇದ

ಹಸಿರು ಮುಚ್ಚಳ ಎಡಗಲ್ಲಕ್ಕೆ,
ಬಿಳಿ ಮುಚ್ಚಳ ಬಲಗಲ್ಲಕ್ಕೆ.
ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ,
ಕಡಲೆಕಾಳಿನಷ್ಟು.
ಅದಲು ಬದಲಾಗಬಾರದು. ಹನ್ನೆರಡು ವಾರ.

ಗುರುಸಂಗವ್ವ ತಲೆಯಾಡಿಸಿದಳು.
ತಾಜ್ ಬಾವಡಿ ಹಿಂದಿನ ಓಣಿಯ ಖಾನಾವಳಿಯಲ್ಲಿ
ಮೂವತ್ತೊಂದು ವರ್ಷ ಹಂಚಿನ ಮುಂದೆ ಕೂತ ಮುಖ.
ನನ್ನ ಕ್ಯಾಮೆರಾ ಇಪ್ಪತ್ತು ಪಟ್ಟು ಹಿಗ್ಗಿಸಿದರೆ
ಕಣ್ಣಂಚಿನಿಂದ ಕಿವಿಯ ತನಕ
ಚೈತ್ರದ ಡೋಣಿ ದಂಡೆಯ ಎರಿ.

"ಯಾವುದರಾಗ ಔಷಧ ಐತಿ?"
ನನಗೂ ಗೊತ್ತಿಲ್ಲ ಅಂದೆ. ಖರೇನೇ ಗೊತ್ತಿರಲಿಲ್ಲ.
ಅದು ಮೇಡಮ್ಮರ ಕಪಾಟಿನಲ್ಲಿ, ಅರಗು ಒತ್ತಿದ ಲಕೋಟೆಯಲ್ಲಿತ್ತು.
ಗೊತ್ತಿದ್ದರೆ ನನ್ನ ಕಣ್ಣೇ ನನಗೆ ಲಂಚ ಕೊಡುತ್ತದೆ.

ಔಷಧವಲ್ಲ, ಪೆಪ್ಟೈಡು.
ಕುಸುಬಿ ಎಣ್ಣೆ ಹಿಂಡಿದ ಮೇಲೆ ಉಳಿಯುತ್ತದಲ್ಲ ಹಿಂಡಿ,
ದನಕ್ಕೆ ಹಾಕುವುದು, ಅದರೊಳಗಿನ ಪ್ರೋಟೀನು.
ನಿಮ್ಮ ಗುಂಡಿನ ಸರ ಹರಿದಾಗ
ಮೂರೋ ನಾಕೋ ಗುಂಡು ದಾರ ಬಿಡದೆ ಉಳಿಯುತ್ತವೆ ನೋಡಿ,
ಅಂಥ ತುಂಡು.
ಹೆಚ್ಚಿದ ಬದನೆಕಾಯಿ ಕಪ್ಪಾಗಬಾರದೆಂದು
ಉಪ್ಪುನೀರಿಗೆ ಹಾಕುತ್ತೀರಲ್ಲ, ಆ ಕೆಲಸ ಮಾಡುತ್ತದೆ.

"ಅಂದರ ನಾ ಬದನೀಕಾಯಿ."

ನಕ್ಕಳು. ಎರಡೂ ಬದಿಯ ಗೆರೆ ಒಂದೇ ಆಳಕ್ಕಿಳಿದವು.
ಅದನ್ನು ಅಳೆಯುವಂತಿಲ್ಲ.
ಅಳೆಯುವಾಗ ಮುಖ ಸುಮ್ಮನಿರಬೇಕು.

ಪ್ರನಾಳದಲ್ಲಿ ನಾನೇ ನೋಡಿದ್ದೇನೆ:
ನೇರಳೆ ದ್ರಾವಣಕ್ಕೆ ನಾಲ್ಕು ಹನಿ,
ಅರ್ಧ ತಾಸು ಕತ್ತಲು, ತೆಗೆದರೆ ಹಳದಿ.
ಕುಸುಬಿ ಹೂವು ಬಿಡುವ ಅದೇ ಹಳದಿ.
ಆ ದಿನ ಪೂರ್ತಿ ನಂಬಿದ್ದೆ.
ಆದರೆ ಪ್ರನಾಳಕ್ಕೆ ಹೊಗೆ ಗೊತ್ತಿಲ್ಲ,
ಸಾಲ ಹೇಳಿ ಉಂಡು ಹೋದವರು ಗೊತ್ತಿಲ್ಲ,
ಗಂಡನನ್ನು ದವಾಖಾನೆಯಿಂದ ಖಾಲಿ ಕೈಯಲ್ಲಿ ಕರೆತಂದದ್ದು ಗೊತ್ತಿಲ್ಲ.

ನಾಲ್ಕನೇ ವಾರ. ಎಂಟನೇ ವಾರ.
ಉಳಿದ ಹೆಂಗಸರ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ.
ಈಕೆಯ ಎರಡೂ ಗಲ್ಲ
ಜೋಡೆತ್ತಿನ ಹಾಗೆ ಒಂದೇ ಹೆಜ್ಜೆ.
ಲೆನ್ಸು ಒರೆಸಿ ಮತ್ತೆ ತೆಗೆದೆ. ಅದೇ.

ಹನ್ನೆರಡನೇ ವಾರ
ಖಾಲಿ ಟ್ಯೂಬು ಎರಡನ್ನೂ ಮೇಜಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು,

"ಸಿಟ್ಟಾಗಬ್ಯಾಡವಾ.
ಮೊದಲನೇ ರಾತ್ರೀನ ಎರಡೂ ಬಟ್ಟಲಕ್ಕ ಹಿಂಡಿ ಕಲಸಿಬಿಟ್ಟೆ.
ಇಷ್ಟು ವರ್ಷ ನೀಡೀನಿ,
ಒಬ್ಬಾವಗ ಬೆಣ್ಣಿ, ಬಾಜೂದಾವಗ ಬರೇ ಚಟ್ನಿ,
ಒಂದು ದಿನಾ ಮಾಡಿಲ್ಲ.
ನನ್ನ ಮಾರೀ ಮ್ಯಾಲೇ ಹ್ಯಾಂಗ ಮಾಡ್ಲಿ
ಪಂಕ್ತಿಭೇದ?"

ಭತ್ಯೆಯ ರೊಕ್ಕ ಎಣಿಸಿ ಕುಪ್ಪಸಕ್ಕೆ ಸೇರಿಸಿದಳು.
ಬಾಗಿಲಲ್ಲಿ ತಿರುಗಿ, ನೆಗೆಣ್ಣಿಗೆ ಇನ್ನೊಂದು ಜೋಡಿ ಸಿಕ್ಕೀತೇ ಎಂದು ಕೇಳಿದಳು.

ಕಾರಣ ಎಂಬ ಖಾನೆಯಲ್ಲಿ ನಾನು ಬರೆದದ್ದು:
ನಿಯಮ ಪಾಲಿಸಿಲ್ಲ.
ಇಪ್ಪತ್ನಾಲ್ಕು ಮಂದಿಯಲ್ಲಿ ಇಪ್ಪತ್ಮೂರು ಉಳಿದರು.

ಶನಿವಾರ ಲಕೋಟೆ ಒಡೆದರು. ಹಸಿರಿನಲ್ಲಿತ್ತು.
ವ್ಯತ್ಯಾಸ ಇತ್ತು,
ಹೂಂ ಅನ್ನುವಷ್ಟಲ್ಲ, ಊಹೂಂ ಅನ್ನುವಷ್ಟೂ ಅಲ್ಲ.
ಮೇಡಮ್ಮರು ಕನ್ನಡಕ ತೆಗೆದು
ತಮ್ಮ ಕಣ್ಣ ಕೆಳಗನ್ನು ಸುಮ್ಮನೆ ಮುಟ್ಟಿಕೊಂಡರು.

ಮಧ್ಯಾಹ್ನ ಊಟಕ್ಕೆ ಖಾನಾವಳಿಗೆ ಹೋದೆ.
ಬಿಸಿ ರೊಟ್ಟಿ ಎರಡು, ಎಣ್ಣೆಗಾಯಿ.
ಗುರುತು ಹಿಡಿದು ನಕ್ಕಳು.
ಬಾಜೂ ಕೂತ ಟಂಟಂ ಡ್ರೈವರನಿಗೆ ಬಿದ್ದಷ್ಟೇ ಬೆಣ್ಣೆ
ನನಗೂ ಬಿತ್ತು.
ಒಂದು ಉಗುರಿನಷ್ಟೂ ಹೆಚ್ಚಿಲ್ಲ.